ಮನೆ ದಾಟಲಾಗದವರನ್ನು ಆಸ್ಪತ್ರೆಯ ಕ್ಯೂನಲ್ಲಿ ಕಾಯುತ್ತಿದ್ದೇವೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ,
ಬೆಂಗಳೂರು.

ವಿಷಯ: ಅಗೋರಾಫೋಬಿಯಾ (ಬಸ್ಸು, ಸಂತೆ, ಸಾಲಿನಂಥ ಕಡೆ ಹೋಗಲು, ಮನೆಯಿಂದ ಒಬ್ಬರೇ ಹೊರಡಲು ಭಯವಾಗುವ ಕಾಯಿಲೆ) ಇರುವವರನ್ನು ಬೇಗ ಗುರುತಿಸುವುದು ಮತ್ತು ಅವರಿರುವಲ್ಲಿಗೇ ಚಿಕಿತ್ಸೆ ತಲುಪಿಸುವ ಬಗ್ಗೆ.

ಮಾನ್ಯರೇ,

ನಾನು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಸರ್ಕಾರಿ ಆಸ್ಪತ್ರೆಯ ಎದುರಿಗೇ ನಮ್ಮ ಅಂಗಡಿ. ಡಿ.ಫಾರ್ಮಾ ಓದಿದವನು, ಡಾಕ್ಟರ್ ಅಲ್ಲ. ಆದರೆ ಆಸ್ಪತ್ರೆಯಿಂದ ಹೊರಗೆ ಬರುವ ಚೀಟಿಗಳಲ್ಲಿ ಬಹುಪಾಲು ನನ್ನ ಕೌಂಟರಿಗೆ ಬರುತ್ತವೆ. ಅದರಲ್ಲಿ ಒಂದು ಬಗೆಯ ಚೀಟಿಯ ಬಗ್ಗೆ ನಿಮಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ನಿಮ್ಮ ಕಚೇರಿಗೆ ಟಪಾಲಿನಲ್ಲೇ ಕಳಿಸಬಹುದಿತ್ತು. ಆದರೆ ಇದನ್ನು ನಿಮ್ಮ ಜೊತೆಗೆ ನಮ್ಮ ಊರುಗಳ ಗಂಡಂದಿರು, ಅತ್ತೆಯಂದಿರು, ಕ್ಯಾಶುಯಲ್ಟಿ ಡಾಕ್ಟರುಗಳು, ಆಶಾ ಕಾರ್ಯಕರ್ತೆಯರು ಕೂಡ ಓದಬೇಕು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಚೀಟಿಯಲ್ಲಿ ಇರುವುದು ಇಷ್ಟೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ. ಊಟ ಆದ ಮೇಲೆ ಒಂದು ಬಿ ಕಾಂಪ್ಲೆಕ್ಸ್. ರಾತ್ರಿಗೆ ಅಲ್ಪ್ರಜೋಲಮ್, ಅಂದರೆ ಭಯ ಇಳಿಸುವ ಮಾತ್ರೆ. ಜೊತೆಗೆ ಪಿನ್ ಹೊಡೆದ ಇಸಿಜಿ, ಅದರ ಮೇಲೆ ನಾರ್ಮಲ್ ಅಂತ ಬರಹ. ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿದಂತಾಗಿ, ಮೈ ಬೆವೆತು, ಬೆರಳು ಜೋಮು ಹಿಡಿದು, "ಸತ್ತೇ ಹೋಗ್ತೀನಿ" ಅಂತ ರಾತ್ರಿ ಓಡಿ ಬಂದವರು ಇವರು. ಡಾಕ್ಟರು ಇಸಿಜಿ ತೆಗೆಸಿರುತ್ತಾರೆ, ಬಿಪಿ, ಶುಗರ್ ನೋಡಿರುತ್ತಾರೆ. ಎಲ್ಲ ಸರಿ ಇರುತ್ತದೆ. "ಏನೂ ಇಲ್ಲ ಕಣಮ್ಮ, ಗ್ಯಾಸು ಅಷ್ಟೆ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿರುತ್ತಾರೆ. ಹೃದಯಾಘಾತ ಅಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದು ಸರಿಯಾದ ಕೆಲಸವೇ. ಅದರಲ್ಲಿ ನನ್ನ ತಕರಾರು ಇಲ್ಲ. ತಕರಾರು ಇರುವುದು ಅದರ ಮುಂದಿನದರಲ್ಲಿ.

ಮುಂದಿನ ಸಲ ಅದೇ ಚೀಟಿ ಹಿಡಿದು ಬರುವವರು ಬೇರೆ. ಗಂಡ ಬರುತ್ತಾನೆ. ಇಲ್ಲದಿದ್ದರೆ ಮಗ ಬರುತ್ತಾನೆ, ಸ್ಕೂಲ್ ಯೂನಿಫಾರ್ಮಿನಲ್ಲೇ. ಮಕ್ಕಳ ಕೈಗೆ ಆ ಮಾತ್ರೆ ಕೊಡೋ ಹಾಗಿಲ್ಲ, ದೊಡ್ಡವರನ್ನು ಕಳಿಸು ಅನ್ನುತ್ತೇನೆ. "ಅಮ್ಮ ಹೊರಗೆ ಬರಲ್ಲ ಅಂಕಲ್" ಅನ್ನುತ್ತಾನೆ. ಯಾಕೆ ಬರಲ್ಲ ಅಂತ ಯಾರಾದರೂ ಕೇಳಿದ್ದಾರಾ? ಅಲ್ಪ್ರಜೋಲಮ್ ಎಚ್-1 ಪಟ್ಟಿಯ ಔಷಧಿ. ಕೊಟ್ಟಾಗಲೆಲ್ಲ ರೋಗಿಯ ಹೆಸರು, ಬರೆದುಕೊಟ್ಟ ಡಾಕ್ಟರ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು. ಮೂರು ವರ್ಷ ಇಟ್ಟುಕೊಳ್ಳಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದಾಗ ಆ ರಿಜಿಸ್ಟರನ್ನು ಲೆಕ್ಕ ತಾಳೆ ನೋಡಲು ತೆಗೆಸುತ್ತಾರೆ. ನನಗೆ ಅದರಲ್ಲಿ ಕಾಣುವುದು ತಿಂಗಳಿಂದ ತಿಂಗಳಿಗೆ ಬರುವ ಅವೇ ಹೆಸರುಗಳು. ಹೆಚ್ಚಿನವು ಹೆಂಗಸರವು. ಹೆಸರು ಬರುತ್ತದೆ, ಮನುಷ್ಯರು ಬರುವುದು ನಿಂತಿರುತ್ತದೆ.

ಅಂಥ ಒಂದು ಹೆಸರು ನನ್ನ ತಂಗಿಯದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅಣ್ಣ, ಹೆಸರು ಮಾತ್ರ ಬೇಡ" ಅಂದಳು.

ಅವಳು ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಲೈನಿಂಗ್ ಬಟ್ಟೆ ತರಲು ಜಿಲ್ಲಾ ಕೇಂದ್ರಕ್ಕೆ ಹೊರಟಿದ್ದ ದಿನ ರೈಲ್ವೆ ಗೇಟ್ ಬಿದ್ದು ಬಸ್ಸು ನಿಂತಿತು. ಬಸ್ಸು ತುಂಬಿತ್ತು, ಬಾಗಿಲ ತನಕ ಜನ. ಇದ್ದಕ್ಕಿದ್ದ ಹಾಗೆ ಅವಳಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಸುತ್ತಲಿನ ಜನ, ಸದ್ದು ಎಲ್ಲ ದೂರ ಹೋದಂತೆ, ತಾನು ತಾನಲ್ಲ ಅನ್ನುವಂತೆ ಆಯಿತು. ಇಳಿಯೋಣ ಅಂದರೆ ದಾರಿ ಇಲ್ಲ. ಹೇಗೋ ಇಳಿದು, ಯಾರದೋ ಬೈಕಿನಲ್ಲಿ ಆಸ್ಪತ್ರೆಗೆ ಹೋದಳು. ಅಷ್ಟರಲ್ಲಿ ಅರ್ಧ ಇಳಿದಿತ್ತು. ಇಸಿಜಿ ನಾರ್ಮಲ್. ಗ್ಯಾಸು ಅಂದರು.

ಇಷ್ಟೇ ಆಗಿದ್ದರೆ ಅದೊಂದು ಪ್ಯಾನಿಕ್ ಅಟ್ಯಾಕ್. ಜೀವನದಲ್ಲಿ ಒಂದೋ ಎರಡೋ ಸಲ ಬಂದು ಹೋಗುವವರು ಎಷ್ಟೋ ಜನ ಇದ್ದಾರೆ. ಅವಳಿಗೆ ಕಾಯಿಲೆ ಅಂತ ಆಗಿದ್ದು ಆಮೇಲೆ, ಸದ್ದೇ ಇಲ್ಲದೆ. ಮೊದಲು ಆ ಬಸ್ಸು ಬಿಟ್ಟಳು. ಆಮೇಲೆ ಎಲ್ಲ ಬಸ್ಸು ಬಿಟ್ಟಳು. ಸಂತೆ ಬಿಟ್ಟಳು, ಯಾಕೆಂದರೆ ಜನದ ನಡುವೆ ಸಿಕ್ಕಿಕೊಂಡರೆ ಹೊರಗೆ ಬರೋದು ಹೇಗೆ. ಮದುವೆ ಛತ್ರಕ್ಕೆ ಹೋದರೆ ಬಾಗಿಲ ಹತ್ತಿರದ ಕುರ್ಚಿ, ಊಟದ ಪಂಕ್ತಿಗೆ ಕೂರುವುದೇ ಇಲ್ಲ. ದೇವಸ್ಥಾನದಲ್ಲಿ ಗರ್ಭಗುಡಿ ಮುಂದಿನ ಸಾಲಿಗೆ ನಿಲ್ಲದೆ ಧ್ವಜಸ್ತಂಭದಿಂದಲೇ ಕೈ ಮುಗಿದು ಬರುವುದು. ಬ್ಯಾಂಕ್, ನ್ಯಾಯಬೆಲೆ ಅಂಗಡಿಯ ಸಾಲು, ಎಲ್ಲ ಭಾವನ ಪಾಲಿಗೆ ಹೋಯಿತು. ಕೊನೆಗೆ ಬೀದಿ ಕೊನೆಯ ಅಂಗಡಿಗೂ ಮಗನ ಕೈ ಹಿಡಿದುಕೊಂಡೇ ಹೋಗುವುದು. ಮಗ ಶಾಲೆಗೆ ರಜೆ ಹಾಕಿದ ದಿನಗಳಲ್ಲಿ ಒಂದಷ್ಟು ಅಮ್ಮನ ಜೊತೆಗಿರಲು ಹಾಕಿದ್ದು ಅಂತ ನಮಗೆ ಗೊತ್ತಾಗಿದ್ದು ತಡವಾಗಿ.

ಪ್ರತಿಯೊಂದಕ್ಕೂ ಅವಳ ಹತ್ತಿರ ಒಂದು ಕಾರಣ ಇರುತ್ತಿತ್ತು. ಕಾಲು ನೋವು. ಆರ್ಡರ್ ಜಾಸ್ತಿ ಇದೆ, ನಾಳೆ ಬ್ಲೌಸ್ ಕೊಡಬೇಕು. ಬಿಸಿಲು. ಮುಟ್ಟು. ಒಂದೊಂದಾಗಿ ಕೇಳಿದರೆ ಎಲ್ಲವೂ ನಂಬುವಂಥದ್ದೇ. ಅವಳು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಭಯ ಅಂತ ಹೇಳಿದರೆ "ಯಾವುದಕ್ಕೆ ಭಯ?" ಅಂತ ಕೇಳುತ್ತಾರೆ, ಅದಕ್ಕೆ ಉತ್ತರ ಇಲ್ಲ.

ಆ ಉತ್ತರ ಏನು ಅಂತ ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಅಗೋರಾಫೋಬಿಯಾ ಇರುವವರಿಗೆ ಬಸ್ಸಿನ ಮೇಲೆ ಭಯ ಇರುವುದಿಲ್ಲ, ಸಂತೆಯ ಮೇಲೂ ಇರುವುದಿಲ್ಲ. ಅಲ್ಲಿ ಇದ್ದಾಗ ಮೈಗೆ ಏನಾದರೂ ಆಗಿಬಿಟ್ಟರೆ ಓಡಿ ಹೋಗಲು ಆಗುವುದಿಲ್ಲ, ಸಹಾಯಕ್ಕೆ ಯಾರೂ ಸಿಗುವುದಿಲ್ಲ, ಎಲ್ಲರ ಮುಂದೆ ಬಿದ್ದು ಮಾನ ಹೋಗುತ್ತದೆ ಅನ್ನುವ ಭಯ. ವೈದ್ಯರು ಐದು ಬಗೆಯ ಸಂದರ್ಭ ಹೇಳುತ್ತಾರೆ. ಬಸ್ಸು, ರೈಲು ಥರದ ಸಾರ್ವಜನಿಕ ವಾಹನ. ಮೈದಾನ, ಸೇತುವೆ, ಪೇಟೆ ಬಯಲಿನಂಥ ತೆರೆದ ಜಾಗ. ಅಂಗಡಿ, ಸಿನಿಮಾ ಹಾಲ್‌ನಂಥ ಮುಚ್ಚಿದ ಜಾಗ. ಸಾಲಿನಲ್ಲಿ ನಿಲ್ಲುವುದು ಅಥವಾ ಗುಂಪಿನಲ್ಲಿ ಇರುವುದು. ಮನೆ ಬಿಟ್ಟು ಒಬ್ಬರೇ ಹೊರಗಿರುವುದು. ಇದರಲ್ಲಿ ಎರಡಾದರೂ ಸಂದರ್ಭಗಳಲ್ಲಿ ಭಯ ಬಂದು, ಅದು ಹೆಚ್ಚುಕಡಿಮೆ ಪ್ರತಿ ಸಲವೂ ಬಂದು, ಅದರಿಂದ ದಿನದ ಬದುಕು ಕೆಟ್ಟು, ಆರು ತಿಂಗಳು ದಾಟಿದರೆ ಇದೇ ಇರಬಹುದು ಅಂತ ಯೋಚಿಸಬೇಕು. ಪ್ಯಾನಿಕ್ ಅಟ್ಯಾಕ್ ಬಂದೇ ಇರಬೇಕು ಅಂತಲೂ ಇಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪ್ಯಾನಿಕ್ ಕಾಯಿಲೆಯಿಂದ ಇದನ್ನು ಬೇರ್ಪಡಿಸಿ ಬೇರೆಯದೇ ಕಾಯಿಲೆ ಅಂತ ಬರೆಯಿತು. ಎಷ್ಟೋ ಹೆಂಗಸರಿಗೆ ತಲೆ ಸುತ್ತಿ ಬೀಳುವ ಭಯ, ವಯಸ್ಸಾದವರಿಗೆ ಜಾರಿ ಬೀಳುವ ಭಯ, ಕೆಲವರಿಗೆ ದಾರಿಯಲ್ಲಿ ಹೊಟ್ಟೆ ಕೆಟ್ಟು ಶೌಚಾಲಯ ಸಿಗದೆ ಹೋದರೆ ಅನ್ನುವ ಭಯ. ನಮ್ಮ ಬಸ್ ನಿಲ್ದಾಣಗಳ ಶೌಚಾಲಯ ನೋಡಿದವರಿಗೆ ಕೊನೆಯದು ಭಯ ಅನ್ನಿಸದೇ ಇರಬಹುದು, ಅದು ಬೇರೆ ಮಾತು.

ಇದು ಹೊಸ ಕಾಲದ ಕಾಯಿಲೆ, ಮೊಬೈಲಿನಿಂದ ಬಂದದ್ದು ಅನ್ನುವವರಿಗೆ ಒಂದು ವಿಷಯ. 1871ರಲ್ಲೇ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಅನ್ನುವ ಡಾಕ್ಟರು ಇದಕ್ಕೆ ಈ ಹೆಸರಿಟ್ಟು ಬರೆದಿದ್ದಾರೆ. ಊರಿನ ಚೌಕ, ಖಾಲಿ ಬೀದಿ ದಾಟಲಾಗದ ಮೂವರು ಗಂಡಸರ ಕಥೆ ಅದು. ಜೊತೆಗೆ ಯಾರಾದರೂ ಇದ್ದರೆ ದಾಟುತ್ತಿದ್ದರು. ನನ್ನ ತಂಗಿ ಮಗನ ಕೈ ಹಿಡಿದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ.

ಈ ಜೊತೆ ಬೇಕು ಅನ್ನುವುದೇ ಮನೆಯವರು ಮೊದಲು ಹಿಡಿಯಬಹುದಾದ ಸುಳಿವು. ಒಬ್ಬರೇ ಹೋಗುತ್ತಿದ್ದ ಕಡೆಗೆ ಈಗ ಯಾರಾದರೂ ಬೇಕೇ ಬೇಕು. ಇನ್ನೂ ಇವೆ. ಪರ್ಸಿನಲ್ಲಿ ನುಂಗದ ಮಾತ್ರೆಯ ಸ್ಟ್ರಿಪ್ ಯಾವಾಗಲೂ ಇರುವುದು. ಅದು ಮರೆತರೆ ಅರ್ಧ ದಾರಿಯಿಂದ ವಾಪಸು ಬರುವುದು. ನೀರಿನ ಬಾಟಲಿ, ಫೋನಿನ ಚಾರ್ಜ್ ಬಗ್ಗೆ ಅತಿ ಕಾಳಜಿ. ದಾರಿಯಲ್ಲಿ ಎಲ್ಲೆಲ್ಲಿ ಆಸ್ಪತ್ರೆ ಇದೆ ಅಂತ ಬಾಯಿಪಾಠ ಇರುವುದು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಆಗಬೇಕು. ಹೊರಡುವ ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಭೇದಿ. ಹೋಗುವುದು ತಪ್ಪಿತು ಅಂದ ಕೂಡಲೇ ಮುಖ ಹಗುರವಾಗಿ, ಹೊಟ್ಟೆ ಸರಿಯಾಗುವುದು. ಈ ಕೊನೆಯದನ್ನು ನೋಡಿಯೇ ಮನೆಯವರು "ನಾಟಕ" ಅನ್ನುತ್ತಾರೆ. ಅದು ನಾಟಕ ಅಲ್ಲ ಸ್ವಾಮಿ, ಅದೇ ಲಕ್ಷಣ.

ಗುರುತಿಸಲು ಇಷ್ಟು ಕಷ್ಟ ಆಗುವುದಕ್ಕೆ ನಮ್ಮ ಮನೆಗಳ ಲೆಕ್ಕಾಚಾರವೂ ಕಾರಣ. ಒಬ್ಬ ಗಂಡಸು ಮನೆಯಿಂದ ಹೊರಗೆ ಹೋಗದಿದ್ದರೆ ವಾರದಲ್ಲಿ ಎಲ್ಲರೂ ಕೇಳುತ್ತಾರೆ. ಹೆಂಗಸು ವರ್ಷ ಹೋಗದಿದ್ದರೂ ಯಾರೂ ಕೇಳುವುದಿಲ್ಲ. ಕೇಳುವುದಿರಲಿ, ಹೊಗಳುತ್ತಾರೆ. "ನಮ್ಮ ಸೊಸೆ ಹೊಸಿಲು ದಾಟೋಳಲ್ಲ, ತವರಿಗೂ ಹೋಗ್ಬೇಕು ಅನ್ನಲ್ಲ" ಅಂತ ನನ್ನ ತಂಗಿಯ ಅತ್ತೆಯೇ ನಮ್ಮಮ್ಮನ ಮುಂದೆ ಹೆಮ್ಮೆಯಿಂದ ಹೇಳಿದ್ದರು. ಅವರು ಕೆಟ್ಟವರಲ್ಲ. ಈ ಕಾಯಿಲೆ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡರಷ್ಟು ಕಾಣುತ್ತದೆ. ಬಹಳ ಜನರಿಗೆ ಶುರುವಾಗುವುದು 35 ವರ್ಷದೊಳಗೆ, ಅಂದರೆ ಮದುವೆ, ಬಾಣಂತನ, ಚಿಕ್ಕ ಮಕ್ಕಳ ಕಾಲದಲ್ಲಿ. ಮನೆಯಲ್ಲಿದ್ದರೇ ಚೆಂದ ಅಂತ ಎಲ್ಲರೂ ಅಂದುಕೊಳ್ಳುವ ವಯಸ್ಸು ಅದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರಿನ ಹೆಂಗಸರು ಧರ್ಮಸ್ಥಳ, ಸಿಗಂದೂರು ಅಂತ ಓಡಾಡಿದರು. ನೋಡಿ ಖುಷಿಯಾಯಿತು. ಆಗಲೇ ಭಾವ ನನ್ನ ಹತ್ತಿರ ಬಂದು ಕೇಳಿದ್ದು: "ಟಿಕೆಟ್ಟೇ ಬೇಡ ಅಂದ್ರೂ ಇವಳು ಹತ್ತಲ್ವಲ್ಲ, ಏನಾಗಿದೆ ಇವಳಿಗೆ?" ನಿಮ್ಮ ಸರ್ಕಾರದ ಬಸ್ಸಿನಿಂದಲೇ ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಿತು ಅನ್ನಿ.

ಗಂಡಸರದ್ದು ಬೇರೆ ಥರ. ಬಸ್ಸು ಹತ್ತುವ ಮುಂಚೆ ಒಂದು ಕ್ವಾರ್ಟರ್ ಹಾಕಿಕೊಳ್ಳುವವರು ಇದ್ದಾರೆ. ಮದುವೆ ಮನೆಗೆ ಕುಡಿಯದೆ ಹೋಗಲಾಗದವರು ಇದ್ದಾರೆ. ಊರು ಅವರನ್ನು ಕುಡುಕ ಅನ್ನುತ್ತದೆ. ಭಯಕ್ಕೆ ಕುಡಿಯುತ್ತಿದ್ದಾನೆ ಅಂತ ಯಾರಿಗೆ ಹೊಳೆಯಬೇಕು? ಎಲ್ಲ ಕುಡಿತದ ಹಿಂದೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ. ಹೊರಡುವ ಮುಂಚೆ ಮಾತ್ರ ಕುಡಿಯುವವನನ್ನು ಒಂದು ಮಾತು ಕೇಳಿ ನೋಡಿ ಅಂತ ಅಷ್ಟೆ.

ಮೈಯಲ್ಲಿ ನಡೆಯುವುದು ಏನು ಅಂತಲೂ ಹೇಳುತ್ತೇನೆ, ಯಾಕೆಂದರೆ "ಏನೂ ಇಲ್ಲ" ಅನ್ನುವ ಮಾತು ತಪ್ಪು. ಕಾವಲಿನ ನಾಯಿ ಕಳ್ಳ ಬಂದರೂ ಬೊಗಳುತ್ತದೆ, ಪೋಸ್ಟ್‌ಮ್ಯಾನ್ ಬಂದರೂ ಬೊಗಳುತ್ತದೆ. ಮೈಯ ಎಚ್ಚರಿಕೆ ವ್ಯವಸ್ಥೆಯೂ ಹಾಗೇ ಸುಮ್ನೆ ಎದ್ದುಬಿಡುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಉಸಿರು ಜೋರಾಗುತ್ತದೆ, ಅದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜೋಮು ಹಿಡಿಯುತ್ತದೆ, ತಲೆ ತೇಲಿದಂತಾಗುತ್ತದೆ. ಕೆಲವೇ ನಿಮಿಷದಲ್ಲಿ ತುದಿಗೆ ಹೋಗಿ ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ಇಳಿಯುವ ಮುಂಚೆಯೇ ನಾವು ಅಲ್ಲಿಂದ ಓಡಿ ಬಂದರೆ, ಓಡಿದ್ದಕ್ಕೇ ಉಳಿದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ತಪ್ಪಿಸಿಕೊಂಡಾಗ ಸಿಗುವ ಆ ಸಮಾಧಾನವೇ ಕಾಯಿಲೆಯ ಊಟ. ಇದನ್ನು ತಿಳಿಯದ ಮನೆಯವರು ಎರಡು ತಪ್ಪು ದಾರಿ ಹಿಡಿಯುತ್ತಾರೆ. ಒಂದು, "ಪಾಪ, ಬೇಡ ಬಿಡು" ಅಂತ ಎಲ್ಲ ಕೆಲಸ ತಾವೇ ಮಾಡಿಕೊಡುವುದು. ಇನ್ನೊಂದು, ಬೈದು ಎಳೆದುಕೊಂಡು ಹೋಗಿ ಜಾತ್ರೆಯಲ್ಲಿ ನಿಲ್ಲಿಸುವುದು. ತಾಯತ, ದೃಷ್ಟಿ, ಗಾಳಿ ಸೋಕಿದ್ದು, ಇವೆಲ್ಲ ಬೇರೆ.

ಹಾಗಂತ ಮನೆಯಲ್ಲಿರುವವರಿಗೆಲ್ಲ ಇದೇ ಹೆಸರು ಹಚ್ಚಬಾರದು. ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಕ್ತ ಕಡಿಮೆ ಇದ್ದರೂ ಉಸಿರು ಕಟ್ಟುತ್ತದೆ. ಹೃದಯದ ಬಡಿತ ತಪ್ಪುವ ಕಾಯಿಲೆ, ಕಿವಿಯ ತೊಂದರೆಯಿಂದ ಬರುವ ತಲೆಸುತ್ತು, ಇವನ್ನೂ ನೋಡಬೇಕು. ಖಿನ್ನತೆ ಇರುವವರಿಗೆ ಹೊರಗೆ ಹೋಗುವ ಮನಸ್ಸೇ ಇರುವುದಿಲ್ಲ. ಇವರಿಗೆ ಮನಸ್ಸು ಇರುತ್ತದೆ, ಧೈರ್ಯ ಇರುವುದಿಲ್ಲ. ಕೆಲವರಲ್ಲಿ ಎರಡೂ ಸೇರಿರುತ್ತವೆ. ನಾಲ್ಕು ಜನ ನನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಮುಖ್ಯವಾದರೆ ಅದು ಇನ್ನೊಂದು ಬಗೆ. ಗಂಡನೋ ಅತ್ತೆಯೋ ಹೊರಗೆ ಬಿಡದೆ ಇಟ್ಟುಕೊಂಡಿದ್ದರೆ ಅದಕ್ಕೆ ಕಾಯಿಲೆಯ ಹೆಸರು ಕೊಡುವುದು ಅನ್ಯಾಯ. ಇದನ್ನೆಲ್ಲ ಬೇರ್ಪಡಿಸಿ ನೋಡುವವರು ಡಾಕ್ಟರೇ ಆಗಬೇಕು. ಡಾಕ್ಟರ ಹತ್ತಿರ ಹೋಗುವುದು ಹೇಗೆ ಅನ್ನುವುದೇ ನನ್ನ ಪತ್ರದ ಮುಖ್ಯ ಮಾತು.

ಮಾನ್ಯರೇ, ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹೆಮ್ಮೆ ಪಡುವಂಥದ್ದು ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಔಷಧಿ ಸಿಗುವ ಹಾಗೆ ಮಾಡಿತು. ಆ ಬಳ್ಳಾರಿ ಮಾದರಿ ಇಟ್ಟುಕೊಂಡೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮದೇ. ಒಳ್ಳೆಯ ಕೆಲಸ. ಎಷ್ಟೋ ಮನೆ ಉಳಿದಿದೆ.

ಆದರೆ ಇವೆಲ್ಲಕ್ಕೂ ಒಂದು ಷರತ್ತು ಇದೆ, ರೋಗಿ ಬರಬೇಕು. ಹಳ್ಳಿಯಿಂದ ಬಸ್ಸು ಹತ್ತಬೇಕು. ಓಪಿಡಿ ಚೀಟಿಗೆ ಸಾಲು ನಿಲ್ಲಬೇಕು. ಜನ ತುಂಬಿದ ವರಾಂಡದಲ್ಲಿ ಹೆಸರು ಕರೆಯುವ ತನಕ ಕೂರಬೇಕು. ಮೇಲೆ ಹೇಳಿದ ಐದು ಸಂದರ್ಭಗಳನ್ನು ಇನ್ನೊಮ್ಮೆ ಓದಿ ನೋಡಿ. ಹೆಚ್ಚುಕಡಿಮೆ ಎಲ್ಲವನ್ನೂ ಗೆದ್ದವರಿಗೆ ಮಾತ್ರ ಚಿಕಿತ್ಸೆ ಅಂದ ಹಾಗಾಯಿತು, ಅಲ್ವಾ?

ಒಂದು ಮಂಗಳವಾರ ಭಾವ, ನಾನು ಸೇರಿ ತಂಗಿಯನ್ನು ಆಟೋದಲ್ಲಿ ಕರೆದುಕೊಂಡು ಬಂದೆವು. ಸಾಲು ಇಂಜೆಕ್ಷನ್ ಕೋಣೆ ದಾಟಿ ಗೇಟಿನ ಹತ್ತಿರ ಬಂದಿತ್ತು. ಅವಳು ಆಟೋದಿಂದ ಇಳಿಯಲಿಲ್ಲ. ಕೈ ತಣ್ಣಗಾಗಿತ್ತು. ಒಳಗೆ ಹೋಗಿ ನಾನು ವಿಷಯ ಹೇಳಿ, ಡಾಕ್ಟರು ಎರಡು ನಿಮಿಷ ಫೋನಿನಲ್ಲಿ ಮಾತಾಡಿದರೂ ಸಾಕು ಅಂದೆ. "ಪೇಷಂಟ್ ಎದುರಿಗೆ ಇಲ್ಲದೆ ಏನೂ ಮಾಡೋಕಾಗಲ್ಲ" ಅಂದರು ಹೊರಗಿದ್ದ ಸಿಬ್ಬಂದಿ. ಅವರ ದನಿಯಲ್ಲಿ ಸೊಕ್ಕು ಇರಲಿಲ್ಲ, ಸುಸ್ತು ಇತ್ತು. ವಾಪಸು ಕರೆದುಕೊಂಡು ಹೋದೆವು. ದೂರ ಅಂದರೆ ನನ್ನ ಅಂಗಡಿಯಿಂದ ಆ ಕೋಣೆಗೆ ರಸ್ತೆ ದಾಟುವಷ್ಟೇ.

ಕೊನೆಗೆ ದಾರಿ ತೋರಿಸಿದ್ದು 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಿದರು. ಅವಳು ಹಾಸಿಗೆಯ ಮೇಲೆ ಕೂತು, ಬಾಗಿಲು ಹಾಕಿಕೊಂಡು ಎಲ್ಲ ಹೇಳಿದಳು. "ಎಲ್ಲೆಲ್ಲಿ ಹೋಗೋದು ಬಿಟ್ಟಿದ್ದೀರಮ್ಮ?" ಅಂತ ಅವಳನ್ನು ಮೊದಲು ಕೇಳಿದ್ದು ಆ ಫೋನಿನವರು. ಅಷ್ಟು ಸಲ ಆಸ್ಪತ್ರೆಗೆ ಹೋಗಿ ಬಂದರೂ ಯಾರೂ ಕೇಳಿರದ ಪ್ರಶ್ನೆ ಅದು. ಅಲ್ಲಿಂದ ಒಬ್ಬ ಮನೋವೈದ್ಯರ ಪರಿಚಯ ಆಯಿತು, ಮೊದಮೊದಲು ವಿಡಿಯೊದಲ್ಲೇ ನೋಡಿದರು. ರಕ್ತ ಪರೀಕ್ಷೆಗೆ ಲ್ಯಾಬಿನ ಹುಡುಗ ಮನೆಗೆ ಬಂದ.

ಚಿಕಿತ್ಸೆ ಅಂದರೆ ದೊಡ್ಡ ರಹಸ್ಯ ಏನಿಲ್ಲ. ಒಂದು, ಎಸಿಟಾಲೊಪ್ರಾಂ, ಸರ್ಟ್ರಲಿನ್ ಥರದ ಔಷಧಿಗಳು. ಇವು ಕೆಲಸ ಮಾಡಲು ವಾರಗಟ್ಟಲೆ ಬೇಕು. ಮೊದಮೊದಲು ಕಸಿವಿಸಿ ಜಾಸ್ತಿಯಾಗಬಹುದು. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲವಾದ್ದರಿಂದ ಜನ ನಾಲ್ಕನೇ ದಿನಕ್ಕೇ ಸ್ಟ್ರಿಪ್ ತಂದು "ಇದು ಆಗಿಬರ್ಲಿಲ್ಲ, ವಾಪಸ್ ತಗೊಳ್ಳಿ" ಅನ್ನುತ್ತಾರೆ. ಎರಡು, ಭಯದ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಭಯ ಬಂದರೂ ಅದು ಇಳಿಯುವ ತನಕ ಅಲ್ಲೇ ನಿಲ್ಲುವ ಅಭ್ಯಾಸ. ತಂಗಿಗೆ ಮೊದಲ ಮೆಟ್ಟಿಲು ಒಬ್ಬಳೇ ಬೀದಿ ಕೊನೆಯ ಹಾಲಿನ ಡೈರಿ. ಆಮೇಲೆ ನಿಂತ ಬಸ್ಸಿಗೆ ಹತ್ತಿ ಇಳಿಯುವುದು. ಆಮೇಲೆ ಮುಂದಿನ ಸ್ಟಾಪಿನ ತನಕ, ಭಾವ ಹಿಂದೆ ಬೈಕಿನಲ್ಲಿ. ಆಮೇಲೆ ಬೈಕಿಲ್ಲದೆ. ನಡುವೆ ಎರಡು ಹೆಜ್ಜೆ ಹಿಂದೆ ಹೋದದ್ದೂ ಇದೆ. ಈಗ ಪಕ್ಕದ ಊರಿಗೆ ಹೋಗಿ ಬರುತ್ತಾಳೆ. ಜಿಲ್ಲಾ ಕೇಂದ್ರಕ್ಕೆ ಇನ್ನೂ ಒಬ್ಬಳೇ ಹೋಗಿಲ್ಲ. ಲೈನಿಂಗ್ ಬಟ್ಟೆ ನಾನೇ ತರುತ್ತೇನೆ. ತರಬೇಡಿ, ಅವಳೇ ತರಲಿ ಅಂತ ಡಾಕ್ಟರು ಬೈದಿದ್ದಾರೆ.

ಅಲ್ಪ್ರಜೋಲಮ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ಹೊತ್ತಿನ ಭಯ ಅದು ಇಳಿಸುತ್ತದೆ, ನಿಜ. ದಿನಾ ತೆಗೆದುಕೊಂಡರೆ ಕೆಲವೇ ವಾರದಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಇದ್ದಕ್ಕಿದ್ದ ಹಾಗೆ ಬಿಟ್ಟರೆ ಭಯ ಇನ್ನೂ ಜೋರಾಗಿ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ಹಾಗಾಗಿ ಈ ಪತ್ರ ಓದಿ ಯಾರೂ ತಾವಾಗಿಯೇ ನಿಲ್ಲಿಸಬೇಡಿ. ಡಾಕ್ಟರ ಸಲಹೆಯಂತೆ ನಿಧಾನಕ್ಕೆ ಇಳಿಸಬೇಕು. ಹಳೇ ಚೀಟಿಯ ಮೇಲೆ ಮತ್ತೆ ಮತ್ತೆ ಕೊಡುವ ಅಂಗಡಿಗಳೂ ಇವೆ, ಅದನ್ನು ನಮ್ಮ ವ್ಯಾಪಾರದವರಿಗೇ ಹೇಳುತ್ತಿದ್ದೇನೆ.

ಈಗ ನನ್ನ ಬೇಡಿಕೆಗಳು.

ಕ್ಯಾಶುಯಲ್ಟಿಯಿಂದಲೇ ಶುರು ಮಾಡುತ್ತೇನೆ. ರಾತ್ರಿ ಒಬ್ಬರೇ ಡಾಕ್ಟರು, ಒಂದು ಕಡೆ ಅಪಘಾತ, ಇನ್ನೊಂದು ಕಡೆ ಹಾವು ಕಡಿದವರು. ಅವರಿಂದ ಕೌನ್ಸೆಲಿಂಗ್ ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಎದೆ ನೋವು ಅಂತ ಬಂದು ಇಸಿಜಿ ಸರಿ ಇದ್ದವರಿಗೆ ಎರಡು ಪ್ರಶ್ನೆ ಕೇಳುವುದನ್ನು ಕಡ್ಡಾಯ ಮಾಡಿ. "ಈಚೆಗೆ ಎಲ್ಲಿಗೆಲ್ಲ ಹೋಗೋದು ಬಿಟ್ಟಿದ್ದೀರಿ?" "ಜೊತೆಗೆ ಯಾರಾದರೂ ಇದ್ದರೆ ಮಾತ್ರ ಹೋಗ್ತೀರಾ?" ನರ್ಸ್ ಕೇಳಿದರೂ ಆದೀತು. ಉತ್ತರ ಹೌದು ಅಂದರೆ ಚೀಟಿಯ ಮೇಲೆ 14416 ಬರೆದು, ಮಾನಸಿಕ ಆರೋಗ್ಯ ತಂಡಕ್ಕೆ ಹೆಸರು ಕಳಿಸಲಿ. "ಏನೂ ಇಲ್ಲ" ಅನ್ನುವ ಮಾತಿನ ಬದಲು "ಹೃದಯ ಚೆನ್ನಾಗಿದೆ, ಇದಕ್ಕೆ ಬೇರೆ ಚಿಕಿತ್ಸೆ ಇದೆ" ಅನ್ನಲಿ. ಇದಕ್ಕೆ ಸರ್ಕಾರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಾರೆ. ಈ ಕಾಯಿಲೆಯವರನ್ನು ನೋಡಬಲ್ಲ ಒಬ್ಬರೇ ಒಬ್ಬರು ಅಂದರೆ ಅವರೇ. 30 ದಾಟಿದವರಿಗೆ ಅವರು ತುಂಬುವ ಫಾರಂನಲ್ಲಿ ಬಿಪಿ, ಶುಗರ್, ಕ್ಯಾನ್ಸರ್ ಲಕ್ಷಣ ಇದೆ, ಮನಸ್ಸಿನ ಬೇಸರದ ಬಗ್ಗೆಯೂ ಎರಡು ಪ್ರಶ್ನೆ ಇದೆ. ಭಯದಿಂದ ಹೊರಗೆ ಹೋಗುವುದು ಬಿಟ್ಟಿದ್ದೀರಾ ಅನ್ನುವ ಒಂದು ಪ್ರಶ್ನೆ ರಾಜ್ಯದ ಮಟ್ಟದಲ್ಲಿ ಸೇರಿಸಿ. ಬಾಣಂತಿಯರನ್ನು ನೋಡಲು ಹೋದಾಗಲೂ ಕೇಳಲಿ. ಸೇರಿಸುವಾಗ ಅವರ ಗೌರವಧನದ ಮಾತೂ ಮರೆಯಬೇಡಿ. ಪ್ರತಿ ಹೊಸ ಫಾರಂ ಅವರ ತಲೆ ಮೇಲೇ ಬೀಳುತ್ತಿದೆ.

ಮಂಗಳವಾರದ ಕ್ಲಿನಿಕ್ಕಿನಲ್ಲಿ ಮನೆಯವರು ಬಂದು ಹೆಸರು ಬರೆಸಿದರೆ ಮೊದಲ ಮಾತುಕತೆ ಫೋನ್ ಅಥವಾ ವಿಡಿಯೊದಲ್ಲಿ ನಡೆಯಲಿ. ನಿಯಮ ಇಲ್ಲ ಅನ್ನುವ ಹಾಗಿಲ್ಲ, 2020ರ ಮಾರ್ಚ್‌ನಲ್ಲೇ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ. ಎದುರಿಗೆ ಬರಲು ತಯಾರಾದವರಿಗೆ ಸಾಲಿಲ್ಲದ ಒಂದು ಹೊತ್ತು ಕೊಡಿ, ಓಪಿಡಿ ಶುರುವಾಗುವ ಮುಂಚಿನ ಅರ್ಧ ಗಂಟೆಯಾದರೂ ಸಾಕು. ತೀರಾ ಮನೆಯಿಂದ ಏಳದವರ ಹತ್ತಿರ ಜಿಲ್ಲಾ ತಂಡದ ಸಮಾಜ ಕಾರ್ಯಕರ್ತರು ಒಮ್ಮೆ ಹೋಗಿ ಬರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಸರ್ಕಾರದ ಸೇವೆಯಿಂದ ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಮನೆಯಲ್ಲೇ ನೀಡುವ ಪುನರ್ವಸತಿಯ ಮಾತೂ ಅದರಲ್ಲಿ ಇದೆ.

ಮೆಟ್ಟಿಲು ಹತ್ತಿಸುವ ಚಿಕಿತ್ಸೆಗೆ ಮನಶ್ಶಾಸ್ತ್ರಜ್ಞರು ಬೇಕು. ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ, ಗೊತ್ತು. ಇರುವ ಆಪ್ತಸಮಾಲೋಚಕರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಈ ಒಂದು ವಿಧಾನ ಕಲಿಸಲು ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಅವರೇ ನಡೆಸಿದ್ದು. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಅದರಲ್ಲಿದೆ.

ಕೊನೆಯದು ಎಚ್-1 ರಿಜಿಸ್ಟರ್. ಒಂದೇ ಹೆಸರಿಗೆ ತಿಂಗಳುಗಟ್ಟಲೆ ಅಲ್ಪ್ರಜೋಲಮ್ ಹೋಗುತ್ತಿದ್ದರೆ, ಅಂಗಡಿಯವರು ರೋಗಿಯ ಒಪ್ಪಿಗೆ ಪಡೆದು ತಾಲ್ಲೂಕು ಆಸ್ಪತ್ರೆಗೆ ತಿಳಿಸುವ ಒಂದು ಸರಳ ವ್ಯವಸ್ಥೆ ಮಾಡಿ. ಶಿಕ್ಷೆಗೆ ಅಂತ ಅಲ್ಲ, ಒಂದು ಫೋನ್ ಮಾಡಿ ವಿಚಾರಿಸಲು. ಇಲಾಖೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಹಾಳೆ ಅಚ್ಚು ಹಾಕಿಸಿ ಕೊಟ್ಟರೆ ಔಷಧಿ ಕವರಿನೊಳಗೆ ಇಟ್ಟು ಕೊಡಲು ನಾನು ತಯಾರಿದ್ದೇನೆ, ನಮ್ಮ ತಾಲ್ಲೂಕಿನ ಉಳಿದ ಅಂಗಡಿಯವರನ್ನೂ ಒಪ್ಪಿಸುತ್ತೇನೆ. ಹಾಳೆಯಲ್ಲಿ ಏನಿರಬೇಕು ಅಂತ ನಿಮ್ಮ ಅಧಿಕಾರಿಗಳು ತೀರ್ಮಾನಿಸಿ ತಿಳಿಸಿದರೆ ಮುಂದಿನ ಮಂಗಳವಾರದಿಂದಲೇ ಹಂಚಬಹುದು.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಆಸ್ಪತ್ರೆ ಎದುರಿನ ಒಬ್ಬ ಔಷಧಿ ಅಂಗಡಿಯವ